ಕೋಟೆ ಕಾಯುವ ಆಟದಲ್ಲಿ ಕೈ ದೊಡ್ಡದೋ, ಹೂಟ ದೊಡ್ಡದೋ?

ಆಟವೆಂದ ಕೂಡಲೆ ನಮ್ಮ ಕಾಲೇಜಿನಲ್ಲಿ ಕಬಡ್ಡಿ, ವಾಲಿಬಾಲ್, ಖೋ ಖೋಗಳು ನೆನಪಾಗುವುದು ಸಹಜ. ವಾರ್ಷಿಕ ಸಂಚಿಕೆಯ ಕ್ರೀಡಾ ವರದಿಯೂ ಅವಕ್ಕೇ ಮೀಸಲು. ಆದರೆ ಸಂಜೆಯ ಮೇಲೆ ಒಂದೇ ಕಂಪ್ಯೂಟರಿನ ಮುಂದೆ ನಾಲ್ವರು ತಲೆ ಕೂಡಿಸಿ ಆಡುವ ಆಟಗಳೂ ಇವೆ. ಅವುಗಳನ್ನು ಆಡುವುದಕ್ಕಿಂತ ಅವುಗಳ ಬಗೆಗೆ ಜಗಳವಾಡುವುದೇ ಹೆಚ್ಚು. ಅಂಥ ಜಗಳವೊಂದನ್ನು ಓದುಗ ಮಿತ್ರರ ಮುಂದಿಡಬೇಕೆಂದಿದ್ದೇನೆ. ಗುರುಗಳು ಇದು ಪೋಲಿ ಹುಡುಗರ ವಿಷಯವೆಂದು ಪುಟ ಮಗುಚದೆ ಓದಬೇಕೆಂದು ಬಿನ್ನಹ.

‘ಟವರ್ ಡಿಫೆನ್ಸ್’ ಎಂಬುದೊಂದು ಆಟದ ಜಾತಿ. ಶತ್ರುಗಳು ಅಲೆ ಅಲೆಯಾಗಿ ಒಂದು ದಾರಿ ಹಿಡಿದು ಬರುತ್ತಾರೆ. ನಾವು ಆ ದಾರಿಯ ಇಕ್ಕೆಲದಲ್ಲಿ ಬುರುಜುಗಳನ್ನು ಕಟ್ಟಿ ಅವರನ್ನು ತಡೆಯಬೇಕು. ಈ ಜಾತಿಯಲ್ಲಿ ಹುಟ್ಟಿದ ವಿಚಿತ್ರ ಕೂಸು ‘ಆರ್ಕ್ಸ್ ಮಸ್ಟ್ ಡೈ’. ‘ಏಜ್ ಆಫ್ ಎಂಪೈರ್ಸ್’ ಮಾಡಿದ ಸಂಸ್ಥೆ ಮುಚ್ಚಿದ ಬಳಿಕ ಅಲ್ಲಿದ್ದ ಕೆಲವರು ಅಮೆರಿಕದ ಟೆಕ್ಸಾಸಿನಲ್ಲಿ ರೋಬೋಟ್ ಎಂಟರ್‌ಟೇನ್‌ಮೆಂಟ್ ಎಂಬ ಸಂಸ್ಥೆ ಕಟ್ಟಿ, 2011ರಲ್ಲಿ ಇದನ್ನು ಹೊರತಂದರು. ಇದರಲ್ಲಿ ಬುರುಜುಗಳಿಲ್ಲ, ಟ್ರ್ಯಾಪುಗಳಿವೆ: ನೆಲದಿಂದ ಚಿಮ್ಮುವ ಮುಳ್ಳು, ಗೋಡೆಯಿಂದ ಹಾರುವ ಬಾಣ, ಕಾಲು ಕಟ್ಟುವ ಡಾಂಬರು, ಬಂದವನನ್ನು ಎತ್ತಿ ಎಸೆಯುವ ಸ್ಪ್ರಿಂಗು ಹಲಗೆ. ಆರ್ಕರೆಂಬ ಹಸಿರು ಮೈಯ ದೈತ್ಯರು ಕೋಟೆಯೊಳಗಿನ ಮಾಯಾದ್ವಾರಕ್ಕೆ ನುಗ್ಗದಂತೆ ಕಾಯಬೇಕು. ಕಾಯುವವನೋ, ಗುರುವಿನ ದೃಷ್ಟಿಯಲ್ಲಿ ಕಡೆಗೂ ಉದ್ಧಾರವಾಗದ ಶಿಷ್ಯ. ಆ ಗುರು ಮೊದಲಲ್ಲಿಯೇ ಕಾಲು ಜಾರಿ ಬಿದ್ದು ತಲೆಗೆ ಪೆಟ್ಟಾಗಿ ತೀರಿಹೋಗುತ್ತಾನೆ. ಶಿಷ್ಯ ಟ್ರ್ಯಾಪುಗಳನ್ನು ಇಟ್ಟು ಸುಮ್ಮನೆ ಕುಳಿತುಕೊಳ್ಳುವಂತಿಲ್ಲ. ಬಿಲ್ಲು ಹಿಡಿದು ತಾನೂ ಓಡಾಡಬೇಕು, ಹೊಡೆಯಬೇಕು, ಸಾಯಬೇಕು, ಮತ್ತೆ ಎದ್ದು ಬರಬೇಕು.

ಜಗಳ ಇರುವುದು ಇಲ್ಲಿಯೇ. ಚದುರಂಗದ ಅಭ್ಯಾಸವುಳ್ಳ ಮಿತ್ರರು ಹೇಳುವುದೇನೆಂದರೆ, ಈ ಜಾತಿಯ ಆಟಕ್ಕೆ ಹೂಟವೇ ಪ್ರಾಣ. ಟ್ರ್ಯಾಪನ್ನು ಎಲ್ಲಿಡಬೇಕೆಂದು ಬಲ್ಲವನಿಗೆ ಓಡಾಟದ ಹಂಗೇಕೆ? ನಾನು ಬಿಲ್ಲು ಹಿಡಿದು ಓಡುತ್ತಿದ್ದರೆ ಹಿಂದಿನಿಂದ ಒಬ್ಬ ಮಿತ್ರ, “ಏನಲೇ, ಕೋಟಿ ಕಾಯಾಕ ಬಂದೀಯೋ, ಕುಸ್ತಿ ಆಡಾಕ ಬಂದೀಯೋ?” ಎಂದು ಕೂಗುತ್ತಾನೆ. ಕೈಚಳಕದ ಪಕ್ಷದವರ ದೂರು ಇದಕ್ಕೆ ತಿರುಗುಮುರುಗು: ಟ್ರ್ಯಾಪುಗಳೇ ಎಲ್ಲವನ್ನೂ ಮುಗಿಸಿದರೆ ಆಡುವವನು ಕಾವಲಿನ ಬೆರ್ಚಪ್ಪನಂತೆ ನಿಂತು ನೋಡಬೇಕಷ್ಟೆ. ಎರಡು ಪಕ್ಷದವರೂ ಒಪ್ಪುವ ಮಾತು ಒಂದೇ, ಬೆರಕೆ ಕೆಟ್ಟದ್ದೆಂದು.

ನನಗೆ ಈ ಮಾತು ಒಪ್ಪಿಗೆಯಿಲ್ಲ. ಮೊದಲನೆಯದಾಗಿ, ಬೆರಕೆ ಹೊಸದಲ್ಲ. 1990ರಲ್ಲಿ ಅಟಾರಿಯವರು ತಂದ ‘ರ್‍ಯಾಂಪಾರ್ಟ್’ ಎಂಬ ಆಟವನ್ನು ಈ ಜಾತಿಯ ಹಿರಿಯನೆಂದು ಎಣಿಸುವುದುಂಟು. ಅದರಲ್ಲಿ ಒಂದು ಗಳಿಗೆ ಗೋಡೆಯ ತುಂಡುಗಳನ್ನು ಜೋಡಿಸಿ ಕೋಟೆ ಮುಚ್ಚಬೇಕು, ಮರುಗಳಿಗೆ ಫಿರಂಗಿ ಹಾರಿಸಬೇಕು. ತಾತನೇ ಎರಡೂ ಕೆಲಸ ಮಾಡುತ್ತಿದ್ದಾಗ ಮೊಮ್ಮಗನನ್ನು ಕುಲಗೆಟ್ಟವನೆನ್ನುವುದು ನ್ಯಾಯವೇ?

ಎರಡನೆಯದಾಗಿ, ನಾವು ಕೋಟೆಗಳ ನಾಡಿನವರು. ಕುರುಗೋಡಿನ ಗುಡ್ಡದ ಮೇಲಿನ ಗೋಡೆಗಳನ್ನು ನೋಡಿಯೇ ಬೆಳೆದವರಿಗೆ ಕಾವಲೆಂದರೇನೆಂದು ಪರದೇಶದ ಆಟ ಕಲಿಸಬೇಕಾಗಿಲ್ಲ. ಬಳ್ಳಾರಿಯ ಕೋಟೆಯ ಬಗೆಗೆ ಜನ ಹೇಳುವ ಕಥೆಯನ್ನೇ ನೋಡಿ. ಹೈದರಾಲಿ ಫ್ರೆಂಚ್ ಎಂಜಿನಿಯರನೊಬ್ಬನಿಂದ ಕೋಟೆಯನ್ನು ಭದ್ರಪಡಿಸಿದನಂತೆ. ಎಲ್ಲ ಮುಗಿದ ಮೇಲೆ ಎದುರಿನ ಕುಂಬಾರ ಗುಡ್ಡ ಕೋಟೆಯ ಗುಡ್ಡಕ್ಕಿಂತ ಎತ್ತರವೆಂದೂ ಅಲ್ಲಿ ಫಿರಂಗಿ ಏರಿಸಿದವನಿಗೆ ಕೋಟೆ ಅಂಗೈಯಲ್ಲಿದ್ದಂತೆಂದೂ ತಿಳಿದು, ಎಂಜಿನಿಯರನನ್ನು ಗಲ್ಲಿಗೇರಿಸಿದನಂತೆ. ನಿಜವೋ ಸುಳ್ಳೋ, ಕಥೆಯ ತರ್ಕ ಸ್ಪಷ್ಟವಾಗಿದೆ. ಜಾಗ ತಪ್ಪಿದರೆ ಎಂಥ ವೀರನ ಕೈಯೂ ಕೋಟೆಯನ್ನು ಉಳಿಸಲಾರದು. ಹೂಟದ ಪಕ್ಷದವರು ಇದನ್ನು ಕೇಳಿ ಹಿಗ್ಗಬಹುದು. ಆದರೆ ಚಿತ್ರದುರ್ಗಕ್ಕೆ ಬನ್ನಿ. ಏಳು ಸುತ್ತಿನ ಕೋಟೆ. ಹೂಟಕ್ಕೆ ಅದಕ್ಕಿಂತ ಮಿಗಿಲಾದ ಉದಾಹರಣೆ ದಕ್ಷಿಣದಲ್ಲಿ ವಿರಳ. ಅಲ್ಲಿಯೂ ಒಂದು ಕಿಂಡಿ ಉಳಿದಿತ್ತು. ಕಾವಲಿನ ಗಂಡ ಊಟಕ್ಕೆ ಕುಳಿತಾಗ ಆ ಕಿಂಡಿಯಿಂದ ನುಸುಳಿದವರನ್ನು ಒಬ್ಬೊಬ್ಬರನ್ನಾಗಿ ತಡೆದದ್ದು ಓಬವ್ವನ ಕೈ, ಕೈಯಲ್ಲಿದ್ದದ್ದು ಒನಕೆ. ಕಿಂಡಿ ಇಕ್ಕಟ್ಟಾಗಿದ್ದುದರಿಂದ ಒನಕೆ ಸಾಕಾಯಿತು. ಒನಕೆ ಎತ್ತುವವಳಿದ್ದುದರಿಂದ ಕಿಂಡಿ ಉಳಿಯಿತು. ಇವೆರಡನ್ನು ಬೇರೆ ಮಾಡಿ ಯಾವುದು ದೊಡ್ಡದೆಂದು ಕೇಳುವವರಿಗೆ ಏನು ಹೇಳೋಣ?

‘ಆರ್ಕ್ಸ್ ಮಸ್ಟ್ ಡೈ’ಯನ್ನು ಮಾಡಿದವರು ಈ ಸಂಬಂಧವನ್ನು ಚೆನ್ನಾಗಿ ಬಲ್ಲರು. ಆರ್ಕನೊಬ್ಬ ಸತ್ತರೆ ನಾಣ್ಯ ಸಿಗುತ್ತದೆ. ಒಂದೇ ಮುಳ್ಳಿನಿಂದ ಸತ್ತವನಿಗೆ ಸಿಗುವುದು ಸ್ವಲ್ಪ, ಡಾಂಬರಿನಲ್ಲಿ ಸಿಕ್ಕು, ಬಾಣ ತಿಂದು, ಕೊನೆಗೆ ನಮ್ಮ ಕೈಯಿಂದ ಸತ್ತವನಿಗೆ ಸಿಗುವುದು ಹೆಚ್ಚು. ಆದುದರಿಂದ ಒಂದೇ ಬಗೆಯ ಟ್ರ್ಯಾಪನ್ನು ರಾಶಿ ಹಾಕುವವನಿಗಿಂತ ಕೂಡಿಸಿ ಇಡುವವನು ಬೇಗ ಸಿರಿವಂತನಾಗುತ್ತಾನೆ. ಅಡ್ಡಗಟ್ಟೆ ಇಟ್ಟು ದಾರಿಯನ್ನು ಸುತ್ತಿಸಬಹುದು; ದಾರಿಯನ್ನು ಪೂರ್ತಿ ಮುಚ್ಚಿದರೆ ಆರ್ಕರು ಅಡ್ಡಗಟ್ಟೆಯನ್ನೇ ಒಡೆಯತೊಡಗುತ್ತಾರೆ. ಅತಿ ಕಠಿಣವಾದ ‘ನೈಟ್‌ಮೇರ್’ ಮಟ್ಟದಲ್ಲಂತೂ ಅಲೆಗಳ ನಡುವೆ ಬಿಡುವೇ ಇಲ್ಲ, ಹೊಡೆಯುತ್ತಲೇ ಕಟ್ಟಬೇಕು. ಬಾಗಿಲು ಎರಡಾದಾಗ ಇನ್ನೊಂದು ಕಷ್ಟ: ನಾನು ಒಬ್ಬನೇ, ಈ ಬಾಗಿಲಿನಲ್ಲಿದ್ದರೆ ಆ ಬಾಗಿಲಿನಲ್ಲಿಲ್ಲ. ನಾನಿಲ್ಲದ ಕಡೆ ನನ್ನ ಹೂಟ ನಿಲ್ಲಬೇಕು, ಹೂಟ ಸಾಲದ ಕಡೆ ನಾನು ನಿಲ್ಲಬೇಕು. ಮೇಲಿನಿಂದ ಕೆಳಗೆ ನೋಡುತ್ತ ಬುರುಜು ಇಡುವ ಆಟಗಳಲ್ಲಿ ಈ ಸಂಕಟವೇ ಇಲ್ಲ.

ಇದೆಲ್ಲ ಹುಡುಗಾಟಿಕೆಯ ಚೇಷ್ಟೆ, ವೀರರಸವಿಲ್ಲ ಎಂದು ಮೂಗು ಮುರಿಯುವವರೂ ಇದ್ದಾರೆ. ಸ್ಪ್ರಿಂಗಿನಿಂದ ಆರ್ಕ ಚಿಮ್ಮಿ ಬೆಂಕಿಯ ಹೊಂಡಕ್ಕೆ ಬೀಳುವುದನ್ನು ಕಂಡು ನಗದವನಿಗೆ ಬಯಲಾಟದ ಸಾರಥಿಯೂ ರುಚಿಸಲಾರ. ಆ ಮಾತು ಅಷ್ಟಕ್ಕಿರಲಿ.

ನಿಜವಾಗಿ ನೋಯಿಸುವ ವಿಷಯ ಬೇರೆ ಇದೆ. 2012ರಲ್ಲಿ ಬಂದ ಎರಡನೆಯ ಆಟದಲ್ಲಿ ಇಬ್ಬರು ಕೂಡಿ ಆಡುವಂತಾಯಿತು, ಎಲ್ಲರೂ ಸಂತೋಷಪಟ್ಟರು. ಬಳಿಕ 2017ರಲ್ಲಿ ‘ಅನ್‌ಚೈನ್ಡ್’ ಎಂಬುದು ಬಂತು. ಅದು ಉಚಿತ. ಉಚಿತವೆಂದ ಮೇಲೆ ಕೇಳಬೇಕೇ! ನಾಯಕರನ್ನೂ ಟ್ರ್ಯಾಪುಗಳನ್ನೂ ದಿನಗಟ್ಟಲೆ ಆಡಿ ಗಳಿಸಬೇಕು, ತಾಳ್ಮೆಯಿಲ್ಲದವನು ಹಣ ತೆರಬೇಕು. ಅಲ್ಲಿಯವರೆಗೆ ಆಟದೊಳಗಿನ ನಾಣ್ಯದ ಬಡತನವೇ ನಮ್ಮನ್ನು ಯೋಚಿಸುವಂತೆ ಮಾಡುತ್ತಿತ್ತು. ಹೊರಗಿನ ಜೇಬಿಗೆ ಆಟದಲ್ಲಿ ಬೆಲೆ ಬಂದೊಡನೆ ಹೂಟದ ಪಕ್ಷವೂ ಸೋತಿತು, ಕೈಯ ಪಕ್ಷವೂ ಸೋತಿತು. ಹಳೆಯ ಆಟಗಾರರಲ್ಲಿ ಅನೇಕರು ಬೇಸತ್ತರು. ಖರ್ಚು ಹುಟ್ಟಲಿಲ್ಲವೆಂದು ಸಂಸ್ಥೆಯೇ 2019ರ ಏಪ್ರಿಲ್ 8ರಂದು ಸರ್ವರುಗಳನ್ನು ನಿಲ್ಲಿಸಿತು. ಅಂದಿಗೆ ಆಟವೇ ಇಲ್ಲವಾಯಿತು. ಹಣ ಕೊಟ್ಟವರಿಗೂ ವರ್ಷಗಟ್ಟಲೆ ಆಡಿ ಗಳಿಸಿದವರಿಗೂ ತೋರಿಸಿಕೊಳ್ಳಲು ಒಂದು ಮುಳ್ಳಿನ ಹಲಗೆಯೂ ಉಳಿಯಲಿಲ್ಲ. 2011ರ ಆಟವನ್ನು ಒಮ್ಮೆ ಕೊಂಡವನೋ ಇಂದಿಗೂ ಆಡುತ್ತಿದ್ದಾನೆ, ಹಳೆಯ ಕಂಪ್ಯೂಟರಿನಲ್ಲಿ, ನೆಟ್‌ವರ್ಕು ಬಾರದ ರಾತ್ರಿಯಲ್ಲಿಯೂ. ವಿದ್ಯಾರ್ಥಿವೇತನದಲ್ಲಿ ಉಳಿಸಿ ಆಟ ಕೊಳ್ಳುವ ನಮ್ಮಂಥವರಿಗೆ ಇದು ಸಣ್ಣ ವ್ಯತ್ಯಾಸವಲ್ಲ.

ಇಲ್ಲಿ ಹಿರಿಯರಿಗೂ ಒಂದು ಮಾತು. ಮೊಬೈಲಿನಲ್ಲಿ ಹಣ ಕಟ್ಟಿ ಆಡುವ ಆಟಗಳನ್ನು ಕೇಂದ್ರ ಸರ್ಕಾರ 2025ರ ಆಗಸ್ಟಿನ ಕಾಯ್ದೆಯಿಂದ ನಿಷೇಧಿಸಿತು. ಅದು ಆಗಬೇಕಾಗಿದ್ದ ಕೆಲಸವೆಂದೇ ನನ್ನ ಅಭಿಪ್ರಾಯ. ಆದರೆ ಕಂಪ್ಯೂಟರಿನ ಮುಂದೆ ಕುಳಿತ ಹುಡುಗರನ್ನೆಲ್ಲ ಜೂಜುಗಾರರೆಂದು ಒಂದೇ ಹಗ್ಗದಲ್ಲಿ ಕಟ್ಟುವುದು ಸಲ್ಲದು. ಜೂಜಿನಲ್ಲಿ ಹಣ ಇಟ್ಟು ಹಣ ಬಯಸುತ್ತಾರೆ. ಇಲ್ಲಿ ಸೋತರೆ ಹೋಗುವುದು ಅರ್ಧ ಗಂಟೆ. ಆ ಅರ್ಧ ಗಂಟೆ ಪರೀಕ್ಷೆಯ ಹಿಂದಿನ ದಿನದ್ದಾದರೆ ಮಾತ್ರ ಗುರುಗಳ ಪಕ್ಷವೇ ಸರಿ.

ಸಂಸ್ಥೆಯವರು ಆಮೇಲೆ ಹಳೆಯ ದಾರಿಗೆ ಮರಳಿದರು. ಮೂರನೆಯ ಆಟ 2020ರಲ್ಲಿ ಗೂಗಲ್‌ನ ಸ್ಟೇಡಿಯಾದಲ್ಲಿಯೂ ಮರುವರ್ಷ ಬೇರೆಡೆಯೂ ಬಂತು. ಬಯಲಿನಲ್ಲಿ ನೂರಾರು ಆರ್ಕರು ಒಮ್ಮೆಗೇ ನುಗ್ಗುವ ಯುದ್ಧಗಳು ಅದರಲ್ಲಿವೆ. 2025ರ ಜನವರಿಯ ‘ಡೆತ್‌ಟ್ರ್ಯಾಪ್’ ನಾಲ್ವರಿಗೆ ಹೊಂದುತ್ತದೆ, ಆದರೆ ಅದರಲ್ಲಿ ನಿಶ್ಚಿತ ಕಥಾಕ್ರಮವಿಲ್ಲ. ಒಂದೇ ಕೋಟೆಯನ್ನು ಹತ್ತು ಸಲ ಸೋತು ಕಲಿಯುವ ಸುಖ ಬಯಸುವವರಿಗೆ ಅದು ಅಷ್ಟಾಗಿ ಹಿಡಿಸಲಾರದು. ರಜೆಯಲ್ಲಿ ಹೊಸದಾಗಿ ಆಡುವವರು ಮೊದಲನೆಯದರಿಂದಲೇ ತೊಡಗಲಿ. ಎರಡನೆಯದನ್ನು ಕೂಡಿ ಆಡಬೇಕೆಂದರೆ ಜೊತೆಗಾರನೂ ಇನ್ನೊಂದು ಕಂಪ್ಯೂಟರೂ ಬೇಕು. ಜೊತೆಗಾರನನ್ನು ಆರಿಸುವಾಗ ಅವನು ಯಾವ ಪಕ್ಷದವನೆಂದು ಮೊದಲೇ ಕೇಳಿಕೊಳ್ಳಿ. ಇಬ್ಬರೂ ಬಿಲ್ಲು ಹಿಡಿದು ಓಡುವವರೇ ಆದರೆ ಮೂರನೆಯ ಅಲೆಗೇ ಬಾಗಿಲು ಹೋಯಿತೆಂದು ತಿಳಿಯಿರಿ.