ಬಿಸಿಲೂರಿಗೆ ಗಾಜಿನ ಗೋಡೆ ಬೇಡ

ಅಹಮದಾಬಾದಿನ ಹಳೆಯ ಪೋಳ್ ಕೇರಿಗಳಲ್ಲಿ ಮನೆಗಳು ಗೋಡೆಗೆ ಗೋಡೆ ತಾಗಿ ನಿಂತಿವೆ. ಇಕ್ಕಟ್ಟಾದ ಓಣಿಗೆ ಹಗಲಿನ ಬಹುಹೊತ್ತು ನೆರಳು. ಮನೆಯೊಳಗೆ ತೆರೆದ ಚೌಕ, ಅದರಡಿ ಮಳೆನೀರಿನ ತೊಟ್ಟಿ ‘ಟಾಂಕಾ’. ಬಿಸಿಗಾಳಿ ಚೌಕದಿಂದ ಮೇಲೇರಿ ಹೋಗುತ್ತದೆ, ಕೋಣೆಗಳು ತಂಪಾಗಿರುತ್ತವೆ. ವಾಸ್ತುಶಿಲ್ಪಿ ಬಿ.ವಿ. ದೋಶಿ ತಮ್ಮ ‘ಸಂಗಾಥ್’ ಕಚೇರಿಯನ್ನು ಭಾಗಶಃ ನೆಲದೊಳಗೆ ಇಳಿಸಿ, ಕಮಾನು ಚಾವಣಿಗೆ ಬಿಳಿ ಪಿಂಗಾಣಿ ಚೂರು ಹೊದಿಸಿದ್ದೂ ಇದೇ ತಿಳಿವಳಿಕೆಯಿಂದ.

2010ರ ಮೇ ತಿಂಗಳ ಬಿಸಿಲಿಗೆ ಅಪಾರ ಜೀವಹಾನಿ ಕಂಡ ಆ ನಗರ 2013ರಲ್ಲಿ ಶಾಖ ಕ್ರಿಯಾ ಯೋಜನೆ ತಂದಿತು. ಮುಂದೆ ಬಡವರ ಮನೆಗಳ ಚಾವಣಿಗೂ ಬಿಳಿ ಸುಣ್ಣ ಬಳಿಸಿತು. ಕಲಬುರಗಿ, ರಾಯಚೂರಿನ ಬಿಸಿಲು ಕಡಿಮೆಯೇನಲ್ಲ. ಆದರೂ ಅಲ್ಲಿ ಮಣ್ಣಿನ ಮಾಳಿಗೆ ಕೆಡವಿ ಗಾಜಿನ ಮುಖದ ಕಟ್ಟಡ ಎಬ್ಬಿಸುತ್ತಿದ್ದೇವೆ. ಪರವಾನಗಿ ಕೊಡುವ ಪಾಲಿಕೆಗಳು ಬಿಳಿ ಚಾವಣಿ, ಕಿಟಕಿಗೆ ಅಗಲವಾದ ಸಜ್ಜಾ ಕಡ್ಡಾಯ ಮಾಡಲಿ. ಸರ್ಕಾರಿ ಶಾಲೆ, ಅಂಗನವಾಡಿಗಳಿಂದಲೇ ಶುರುವಾಗಲಿ.