ತೊಟ್ಟಿಲು ಅಲ್ಲಿ, ತೋಟ ಇಲ್ಲಿ

ಸಂಘದ ಷೇರಿಗೆ ನಾಮಿನಿಯ ಹೆಸರು ಬರೆಸಲು ಬರುವ ಸದಸ್ಯರು ಈಚೆಗೆ ಲೇಖನಿ ಹಿಡಿದು ಕೊಂಚ ಹೊತ್ತು ಸುಮ್ಮನೆ ಕೂರುವುದನ್ನು ನಾವು ಕಾಣುತ್ತಿದ್ದೇವೆ. ಹೆಸರು ಗೊತ್ತು, ವಿಳಾಸವೂ ಗೊತ್ತು. ಆದರೆ ಆ ವಿಳಾಸ ಅಮೆರಿಕದ್ದು, ಇಲ್ಲವೇ ಆಸ್ಟ್ರೇಲಿಯದ್ದು. ಆ ಮಗನಾಗಲಿ ಮಗಳಾಗಲಿ ತೋಟಕ್ಕೆ ಮರಳುವರೇ, ಅವರ ನಂತರ ಯಾರು ಎಂಬ ಪ್ರಶ್ನೆ ಅರ್ಜಿಯಲ್ಲಿಲ್ಲ, ಮನಸ್ಸಿನಲ್ಲಿದೆ.

“ವಿದೇಶಕ್ಕೆ ಹೋದರು, ಅದಕ್ಕೇ ಮಕ್ಕಳು ಬೇಡವೆನ್ನುತ್ತಾರೆ” ಎಂದು ನಮ್ಮ ಹಿರಿಯರು ಹೇಳುವುದುಂಟು. ಇದು ಅರ್ಧ ಸತ್ಯ. ಉಳಿದರ್ಧವನ್ನು ನಾವೇ ಒಪ್ಪಿಕೊಳ್ಳಬೇಕು. ಮಕ್ಕಳನ್ನು ಕಡಿಮೆ ಮಾಡಿಕೊಂಡವರು ಮೊದಲು ನಾವು. ‘ನಾವಿಬ್ಬರು, ನಮಗಿಬ್ಬರು’ ಎಂಬ ಗೋಡೆಬರಹ ಓದುತ್ತ ಶಾಲೆಗೆ ಹೋದವರು ನಾವು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 1992-93ರಲ್ಲಿ ಕರ್ನಾಟಕದಲ್ಲಿ ಹೆಣ್ಣೊಬ್ಬಳಿಗೆ ಸರಾಸರಿ 3ರ ಸಮೀಪವಿದ್ದ ಮಕ್ಕಳ ಸಂಖ್ಯೆ 2019-21ರಲ್ಲಿ 1.7ಕ್ಕೆ ಇಳಿದಿದೆ. ಒಂದು ತಲೆಮಾರಿನ ಜಾಗವನ್ನು ಮುಂದಿನದು ತುಂಬಲು 2.1 ಬೇಕು. ತೋಟ ಹೋಳಾಗದಿರಲಿ, ಇರುವ ಒಂದೆರಡು ಮಕ್ಕಳು ಚೆನ್ನಾಗಿ ಓದಲಿ ಎಂದು ನಾವು ಲೆಕ್ಕ ಹಾಕಿದೆವು. ಕಾಫಿಯ ಹಣ, ಅಡಿಕೆಯ ಹಣ ಹಾಸ್ಟೆಲಿಗೂ ಕಾಲೇಜಿಗೂ ಹೋಯಿತು. ಕಲಿತ ವಿದ್ಯೆಗೆ ತಕ್ಕ ಕೆಲಸ ಊರಿನಲ್ಲಿರಲಿಲ್ಲ. ವಿದ್ಯೆ ಕರೆದಲ್ಲಿಗೆ ಮಕ್ಕಳು ನಡೆದರು. ಐವರಿದ್ದ ಮನೆಯಿಂದ ಒಬ್ಬ ಹೊರಟರೆ ನಾಲ್ವರು ಉಳಿಯುತ್ತಿದ್ದರು. ಒಬ್ಬನೇ ಇದ್ದ ಮನೆಯಿಂದ ಅವನೂ ಹೊರಟರೆ ಉಳಿಯುವುದು ನಾಯಿ ಮತ್ತು ನಾವು.

ಇನ್ನು ಅಲ್ಲಿಯ ಪಾಡು ನೋಡೋಣ. ಉದ್ಯೋಗದ ಮೇಲೆ ಕೊಡುವ ಗ್ರೀನ್ ಕಾರ್ಡಿನಲ್ಲಿ ಯಾವೊಂದು ದೇಶಕ್ಕೂ ವರ್ಷಕ್ಕೆ ಸಾಮಾನ್ಯವಾಗಿ ನೂರಕ್ಕೆ 7ಕ್ಕಿಂತ ಹೆಚ್ಚು ಪಾಲಿಲ್ಲ. ಪುಟ್ಟ ದೇಶಕ್ಕೂ ಅಷ್ಟೇ, ಭಾರತಕ್ಕೂ ಅಷ್ಟೇ. ಆದ್ದರಿಂದ ನಮ್ಮವರ ಸರದಿ ವರ್ಷಗಟ್ಟಲೆ ಎಳೆಯುತ್ತದೆ. ಅಷ್ಟರೊಳಗೆ ಕೆಲಸ ಹೋದರೆ, ಬೇರೆ ಕೆಲಸ ಹಿಡಿಯಲು ಇರುವ ಅವಕಾಶ 60 ದಿನ. ಗಂಡನ ವೀಸಾದ ಆಸರೆಯಲ್ಲಿ ಹೋದ ಹೆಂಡತಿಗೆ ದುಡಿಯುವ ಹಕ್ಕೇ ಇರಲಿಲ್ಲ. 2015ರಲ್ಲಿ ಕೆಲವರಿಗೆ ಮಾತ್ರ ಅದು ದೊರೆಯಿತು. ಇಲ್ಲಿ 2017ರ ತಿದ್ದುಪಡಿಯಿಂದ 26 ವಾರಗಳ ಸಂಬಳಸಹಿತ ಹೆರಿಗೆ ರಜೆಯುಂಟು. ಅಲ್ಲಿ ಇಡೀ ದೇಶಕ್ಕೆ ಅನ್ವಯಿಸುವ 1993ರ ಕಾನೂನು ಕೊಡುವುದು 12 ವಾರ, ಅದೂ ಸಂಬಳವಿಲ್ಲದೆ. ಇಂಥ ಅತಂತ್ರದಲ್ಲಿ ಮಗುವಿನ ಮಾತು ಮುಂದಕ್ಕೆ ಹೋಗುವುದು ಸಹಜ. ತಾತ್ಕಾಲಿಕ ವೀಸಾದವರ ಮಕ್ಕಳಿಗೆ ಹುಟ್ಟಿನಿಂದ ಪೌರತ್ವವಿಲ್ಲವೆಂದು ಅಧ್ಯಕ್ಷ ಟ್ರಂಪ್ 2025ರ ಜನವರಿಯಲ್ಲಿ ಆಜ್ಞೆ ಹೊರಡಿಸಿದಾಗ, ನ್ಯಾಯಾಲಯಗಳು ತಡೆ ನೀಡುವವರೆಗೆ ಬಸುರಿಯರಿದ್ದ ಮನೆಗಳಿಗೆ ನೆಮ್ಮದಿಯಿರಲಿಲ್ಲ. ಮಗು ಹುಟ್ಟಿ ಶಾಲೆ ಸೇರಿತೆಂದರೆ ಊರಿಗೆ ಮರಳುವ ಮಾತು ಮುಂದಿನ ವರ್ಷಕ್ಕೆ, ಮತ್ತೆ ಅದರ ಮುಂದಿನ ವರ್ಷಕ್ಕೆ ಬೀಳುತ್ತದೆ. ವಲಸೆ ಮಗುವನ್ನು ತಡೆಯುತ್ತದೆ. ಹುಟ್ಟಿದ ಮಗು ವಲಸೆಯನ್ನು ಖಾಯಂ ಮಾಡುತ್ತದೆ.

ಬಾಣಂತನಕ್ಕೆ ಮಗಳು ತವರಿಗೆ ಬರುವುದು ನಮ್ಮ ಪದ್ಧತಿ. ಈಗ ತವರೇ ವಿಮಾನ ಹತ್ತುತ್ತಿದೆ. ಕಳೆದ ಕೊಯ್ಲಿನಲ್ಲಿ ನಮ್ಮ ಮನೆಯವರು ಮಗಳ ಬಾಣಂತನಕ್ಕೆಂದು ಹೋದರು. ಇತ್ತ ಅಡಿಕೆ ಕೊನೆ ಇಳಿಯುತ್ತಿತ್ತು, ಅರೇಬಿಕ ಹಣ್ಣಾಗಿ ಉದುರುತ್ತಿತ್ತು; ಕಣಕ್ಕೂ ಒಲೆಗೂ ನಾವೊಬ್ಬರೇ. ವೀಸಾದ ಆರು ತಿಂಗಳು ಮುಗಿಯುತ್ತ ಬಂದಾಗ ಮಗಳು ಕೇಳಿದ್ದು ಒಂದೇ ಮಾತು: “ಅಮ್ಮ, ಇನ್ನೊಂದಾದರೆ ಯಾರು ಬರ್ತಾರೆ?” ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ಹೆಚ್ಚು ಮಕ್ಕಳನ್ನು ಹೆರಿರೆಂದು ಆಂಧ್ರದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು 2024ರಲ್ಲಿ ಕರೆ ಕೊಟ್ಟರು. ಕರೆಯಿಂದ ತೊಟ್ಟಿಲು ತೂಗುವುದಿಲ್ಲ. ಪ್ರತಿ ಭಾನುವಾರ ಫೋನಿನಲ್ಲಿ “ಏನಾದರೂ ವಿಶೇಷ ಉಂಟೇ?” ಎಂದು ಸೊಸೆಯನ್ನು ಕೇಳುವುದರಿಂದಲೂ ಅಲ್ಲ. ಆ ತೀರ್ಮಾನ ಅವರದು. ತೋಟದ ತೀರ್ಮಾನ ನಮ್ಮದು.

ಇಲ್ಲಿ ಸದಸ್ಯರು ಗಮನಿಸಬೇಕಾದ ಕಾನೂನೊಂದಿದೆ. ವಿದೇಶದ ಪೌರತ್ವ ಪಡೆದವರು ಒ.ಸಿ.ಐ. ಕಾರ್ಡು ಹೊಂದಿದ್ದರೂ ಇಲ್ಲಿ ಕೃಷಿ ಜಮೀನನ್ನಾಗಲಿ ತೋಟವನ್ನಾಗಲಿ ಕೊಳ್ಳುವಂತಿಲ್ಲ. ಉತ್ತರಾಧಿಕಾರದಿಂದ ಬಂದುದನ್ನು ಇಟ್ಟುಕೊಳ್ಳಬಹುದು. ಅಂದರೆ ಬೇಸರದಲ್ಲಿ ನಾವು ಇಂದು ಮಾರಿದ ತೋಟವನ್ನು, ಅಲ್ಲಿಯ ಪ್ರಜೆಯಾಗಿ ಬೆಳೆದ ಮೊಮ್ಮಗ ನಾಳೆ ಹಣ ಹಿಡಿದು ಬಂದರೂ ಮರಳಿ ಕೊಳ್ಳಲಾರ.

ಆದ್ದರಿಂದ ಪಹಣಿ, ಖಾತೆ ಸರಿಪಡಿಸಿಕೊಳ್ಳೋಣ. ಮಗ-ಮಗಳು ಇಬ್ಬರೊಡನೆಯೂ ಬಾಯಿಬಿಟ್ಟು ಮಾತಾಡಿ ಉಯಿಲು ಬರೆದಿಡೋಣ. ಬಾಣಂತನಕ್ಕೆ ಹೋಗುವವರ ತೋಟದ ಕೊಯ್ಲನ್ನು ನೆರೆಯವರು ಸೇರಿ ಮುಗಿಸಿಕೊಡುವ ತಂಡವೊಂದನ್ನು ಸಂಘವೇ ಏಕೆ ಕಟ್ಟಬಾರದು? ಮುಂದಿನ ಮಹಾಸಭೆಯಲ್ಲಿ ಈ ವಿಷಯವಿಡಲು ನಾವು ಸಿದ್ಧ. ಅಲ್ಲಿ ಮೊಮ್ಮಗು ಹುಟ್ಟುವಾಗ ಅಜ್ಜ-ಅಜ್ಜಿ ಇಬ್ಬರೂ ಹೋಗಿಬರುವಂತಾದರೆ ಸಹಕಾರವೆಂಬ ಮಾತಿಗೆ ಅರ್ಥ ಬಂದೀತು.