ಅಲ್ಪಜೀವಿಯ ಅಳಲು

ದೊಡ್ಡದನ್ನು ಕಂಡು ಬೆರಗಾಗುವುದು, ಸಣ್ಣದನ್ನು ಕಂಡೂ ಕಾಣದಂತಿರುವುದು ಮಾನವನ ಸ್ವಭಾವ. ಆನೆಯೊಂದು ಸತ್ತರೆ ಸುದ್ದಿಯಾಗುತ್ತದೆ. ಹುಲಿಗಳ ಗಣತಿಗೆ ಸರ್ಕಾರವೇ ಮುಂದಾಗುತ್ತದೆ. ಕೆರೆಯ ಮೀನುಗಳು ಸತ್ತು ತೇಲಿದರೆ ಊರಿನವರು ಒಂದು ದಿನವಾದರೂ ಏರಿಯ ಮೇಲೆ ನಿಂತು ಮರುಗುತ್ತಾರೆ. ಆದರೆ ಅದೇ ಕೆರೆಯಲ್ಲಿ ರಾಗಿ ಕಾಳಿನಷ್ಟು ಗಾತ್ರದ ಪ್ರಾಣಿಗಳು ಲಕ್ಷೋಪಲಕ್ಷವಾಗಿ ಕ್ಷೀಣಿಸಿದರೆ ಮರುಗುವವರು ಯಾರು? ಅವು ಸತ್ತುದು ಯಾರಿಗೂ ತಿಳಿಯುವುದಿಲ್ಲ. ಅವು ಬದುಕಿದ್ದುವೆಂಬುದೇ ಅನೇಕರಿಗೆ ತಿಳಿದಿರುವುದಿಲ್ಲ. ಆ ಅಲ್ಪಜೀವಿಗಳ ಪರವಾಗಿ ನಾಲ್ಕು ಮಾತು ಹೇಳಬೇಕೆಂಬುದೇ ಈ ಬರಹದ ಉದ್ದೇಶ.

ಸ್ವಚ್ಛವಾದ ಕೆರೆಯ ನೀರನ್ನು ಗಾಜಿನ ಲೋಟದಲ್ಲಿ ತುಂಬಿ ಬೆಳಕಿಗೆ ಹಿಡಿದು ನೋಡಿ. ಚುಕ್ಕೆಗಳಂತಹ ಕೆಲವು ಜೀವಿಗಳು ಕುಪ್ಪಳಿಸುತ್ತ ಮೇಲೇರಿ, ಮತ್ತೆ ಮೆಲ್ಲನೆ ಕೆಳಗಿಳಿಯುವುದು ಕಂಡೀತು. ಡಾಫ್ನಿಯ ಮತ್ತು ಅದರ ಬಂಧುಗಳು ಅವು. ಚಿಗಟದಂತೆ ನೆಗೆಯುವುದರಿಂದ ಅವನ್ನು ನೀರಿನ ಚಿಗಟಗಳೆಂದೂ ಕರೆಯುತ್ತಾರೆ. ನಿಜವಾಗಿ ಅವು ಸೀಗಡಿ, ಏಡಿಗಳ ವರ್ಗಕ್ಕೆ ಸೇರಿದುವು. ಮೈ ಪಾರದರ್ಶಕವಾದುದರಿಂದ ಸೂಕ್ಷ್ಮದರ್ಶಕದಲ್ಲಿ ಅವುಗಳ ಹೃದಯದ ಬಡಿತವನ್ನೂ ಬೆನ್ನಿನ ಚೀಲದಲ್ಲಿರುವ ಮರಿಗಳನ್ನೂ ಎಣಿಸಬಹುದು. ಅವು ನೀರಿನ ಹಸಿರು ಪಾಚಿಯ ಕಣಗಳನ್ನು ಸೋಸಿ ತಿನ್ನುತ್ತವೆ; ಅವನ್ನು ಮೀನಿನ ಮರಿಗಳು ತಿನ್ನುತ್ತವೆ. ಹೀಗೆ ನೀರನ್ನು ತಿಳಿಯಾಗಿಡುವ ಕೆಲಸವನ್ನೂ ಮೀನಿಗೆ ಉಣಿಸುವ ಕೆಲಸವನ್ನೂ ಕೂಲಿಯಿಲ್ಲದೆ ಮಾಡುವ ಸೇವಕರು ಇವರು.

ಈ ಸೇವಕರ ಬಾಳಿಗೆ ಈಗ ಒದಗಿರುವ ಕೇಡುಗಳಲ್ಲಿ ಒಂದು, ಪ್ಲಾಸ್ಟಿಕ್ಕನ್ನು ಮೆದುವಾಗಿಸಲು ಬೆರೆಸುವ ರಾಸಾಯನಿಕ. ಪಿ.ವಿ.ಸಿ. ಎಂಬ ಪ್ಲಾಸ್ಟಿಕ್ ಸ್ವಭಾವತಃ ಗಡುಸಾದುದು. ನಮ್ಮ ಮನೆಗಳ ನೀರಿನ ಕೊಳವೆಗಳೇ ಇದಕ್ಕೆ ಸಾಕ್ಷಿ. ಅಮೆರಿಕದ ವಾಲ್ಡೊ ಸೆಮನ್ ಎಂಬ ವಿಜ್ಞಾನಿ 1926ರಲ್ಲಿ ಇದನ್ನು ಬಗ್ಗುವಂತೆ ಮಾಡುವ ವಿಧಾನವನ್ನು ಕಂಡುಹಿಡಿದನು. ಹೀಗೆ ಮೆದುಗೊಳಿಸಲು ಬೆರೆಸುವ ವಸ್ತುವನ್ನು ಪ್ಲಾಸ್ಟಿಸೈಸರ್ ಅಥವಾ ಮೃದುಕಾರಕ ಎನ್ನುತ್ತಾರೆ. ಅವುಗಳಲ್ಲಿ ಥ್ಯಾಲೇಟ್ ಎಂಬ ಗುಂಪು ಬಹು ಪ್ರಸಿದ್ಧವಾದುದು. ಮಳೆಯಂಗಿ, ವಿದ್ಯುತ್ ತಂತಿಯ ಹೊದಿಕೆ, ರೆಕ್ಸಿನ್, ಬೀದಿಬೀದಿಗಳಲ್ಲಿ ಕಟ್ಟುವ ಫ್ಲೆಕ್ಸ್ ಇವೆಲ್ಲ ಮೃದುಕಾರಕದ ಕೃಪೆಯಿಂದಲೇ ಮೆತ್ತಗಾದುವು. ಇಂತಹ ವಸ್ತುವಿನ ತೂಕದಲ್ಲಿ ಮೂರನೆಯ ಒಂದು ಪಾಲು ಮೃದುಕಾರಕವೇ ಆಗಿರುವುದುಂಟು.

ಕೇಡಿನ ಮೂಲವಿರುವುದು ಈ ಬೆರಕೆಯಲ್ಲಿಯೇ. ಒಣಗಿದ ಚರ್ಮದ ಬಾರಿಗೆ ಎಣ್ಣೆ ಸವರಿದರೆ ಅದು ಮೆತ್ತಗಾಗುತ್ತದೆ. ಆದರೆ ಎಣ್ಣೆ ಎಂದಿಗೂ ಚರ್ಮವಾಗುವುದಿಲ್ಲ. ಅದರಂತೆಯೇ ಮೃದುಕಾರಕವು ಪ್ಲಾಸ್ಟಿಕ್ಕಿನೊಡನೆ ರಾಸಾಯನಿಕವಾಗಿ ಬೆಸೆದುಕೊಳ್ಳದೆ ನಡುವೆ ಬರಿದೇ ತಂಗಿರುತ್ತದೆ. ಸಮಯ ಬಂದಾಗ ಹೊರಗೆ ಒಸರುತ್ತದೆ. ಪ್ಲಾಸ್ಟಿಕ್ ಚೀಲಗಳಲ್ಲಿ ಶೇಖರಿಸಿಟ್ಟ ರಕ್ತಕ್ಕೆ ಥ್ಯಾಲೇಟ್ ಇಳಿಯುತ್ತದೆಂಬುದನ್ನು ಅಮೆರಿಕದ ಜೇಗರ್ ಮತ್ತು ರೂಬಿನ್ ಎಂಬ ಸಂಶೋಧಕರು 1970ರಲ್ಲಿಯೇ ಪ್ರಕಟಿಸಿದರು. ಚೀಲದಿಂದ ರಕ್ತಕ್ಕೆ ಇಳಿಯಬಲ್ಲುದು ಕಸದ ರಾಶಿಯಿಂದ ಚರಂಡಿಗೆ, ಚರಂಡಿಯಿಂದ ಕೆರೆಗೆ ಇಳಿಯದಿರುವುದೆ? ನಮ್ಮ ಕಾವೇರಿಯೂ ಇದಕ್ಕೆ ಹೊರತಾಗಿಲ್ಲ. ತಮಿಳುನಾಡಿನ ಭಾಗದ ಕಾವೇರಿಯ ನೀರಿನಲ್ಲಿಯೂ ತಳದ ಕೆಸರಿನಲ್ಲಿಯೂ ಥ್ಯಾಲೇಟುಗಳಿರುವುದನ್ನು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು.

ಹಾಗಾದರೆ ಡಾಫ್ನಿಯಕ್ಕೆ ಆಗುವ ಹಾನಿಯೇನು? ಎಲ್ಲ ಥ್ಯಾಲೇಟುಗಳೂ ಒಂದೇ ಬಗೆಯವಲ್ಲ. ಡೈಬ್ಯುಟೈಲ್ ಥ್ಯಾಲೇಟಿನಂತಹ ಹಗುರವಾದುವು ನೀರಿನಲ್ಲಿ ತಕ್ಕಮಟ್ಟಿಗೆ ಕರಗುತ್ತವೆ. ಲೀಟರಿಗೆ ಕೆಲವೇ ಮಿಲಿಗ್ರಾಂಗಳಿದ್ದರೂ ಎರಡು ದಿನಗಳಲ್ಲಿ ಡಾಫ್ನಿಯಗಳನ್ನು ನಿಶ್ಚೇಷ್ಟಗೊಳಿಸುತ್ತವೆ. ಭಾರವಾದುವು ನೀರಿನಲ್ಲಿ ಕರಗುವುದೇ ಅತ್ಯಲ್ಪ. ಅವು ಹಾಗೆ ಥಟ್ಟನೆ ಕೊಲ್ಲುವುದಿಲ್ಲ, ಕೆಸರನ್ನು ಸೇರಿ ಕುಳಿತುಕೊಳ್ಳುತ್ತವೆ. ಅತ್ಯಲ್ಪ ಪ್ರಮಾಣದ ಭಾರ ಥ್ಯಾಲೇಟೂ ಡಾಫ್ನಿಯದ ಸಂತಾನವನ್ನು ಕುಗ್ಗಿಸಿತೆಂದು 1973ರಲ್ಲಿ ಅಮೆರಿಕದ ಸಂಶೋಧಕರು ವರದಿ ಮಾಡಿದರು. ಮುಂದೆ ಬೇರೆಯವರು ನಡೆಸಿದ ಕೆಲವು ಪರೀಕ್ಷೆಗಳಲ್ಲಿ ಅಷ್ಟು ಅಲ್ಪ ಪ್ರಮಾಣಕ್ಕೆ ಅಂತಹ ಹಾನಿ ಕಾಣಲಿಲ್ಲ. ವಿಜ್ಞಾನದಲ್ಲಿ ಇಂತಹ ಭಿನ್ನಾಭಿಪ್ರಾಯ ಸಹಜವೇ. ಆದರೆ ಅಲ್ಲಿಯವರೆಗೆ ನಡೆದಿದ್ದ ಅನೇಕ ಅಧ್ಯಯನಗಳನ್ನು 2009ರಲ್ಲಿ ಒಟ್ಟಾಗಿ ಪರಿಶೀಲಿಸಿದ ಜರ್ಮನಿಯ ಓಲ್ಮನ್ ಮತ್ತು ಸಂಗಡಿಗರು, ಬಸವನಹುಳುಗಳಂತಹ ಮೃದ್ವಂಗಿಗಳು, ಡಾಫ್ನಿಯದಂತಹ ಕಠಿಣಚರ್ಮಿಗಳು ಮತ್ತು ಕಪ್ಪೆಯ ಜಾತಿಯವು ಇಂತಹ ರಾಸಾಯನಿಕಗಳಿಗೆ ವಿಶೇಷವಾಗಿ ಈಡಾಗುವಂತೆ ತೋರುತ್ತವೆಂದು ತಿಳಿಸಿದರು.

ಇಲ್ಲಿ ನಾವು ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಡಾಫ್ನಿಯದ ಮೇಲೆ ನಡೆಸುವ ಅಂತರರಾಷ್ಟ್ರೀಯ ಪರೀಕ್ಷೆಗಳಲ್ಲಿ ಎರಡು ಮುಖ್ಯವಾದುವು. ಒಂದು 48 ಗಂಟೆಗಳದು. ಪ್ರಾಣಿ ಚಲಿಸುವುದೋ ಇಲ್ಲವೋ ಎಂದು ಅದು ಕೇಳುತ್ತದೆ. ಇನ್ನೊಂದು 21 ದಿನಗಳದು. ಎಷ್ಟು ಮರಿಗಳಾದುವು ಎಂದು ಅದು ಕೇಳುತ್ತದೆ. ನನ್ನ ಅಭಿಪ್ರಾಯದಲ್ಲಿ ಎರಡನೆಯ ಪ್ರಶ್ನೆಯೇ ಹಿರಿದು. ಸಾಯದಿರುವುದೇ ಬದುಕಲ್ಲ. ಒಂದು ಪ್ರಾಣಿ ಈಜಾಡುತ್ತಿದ್ದರೂ ಅದರ ಬೆನ್ನಿನ ಚೀಲ ಬರಿದಾಗುತ್ತ ಬಂದರೆ, ಆ ಕೆರೆಯ ಕಥೆ ನಿಧಾನವಾಗಿ ಮುಗಿಯುತ್ತಿದೆಯೆಂದೇ ಅರ್ಥ. ಕೆರೆಯ ಆರೋಗ್ಯವನ್ನು ಅಳೆಯಬೇಕಾದುದು ತೇಲುವ ಹೆಣಗಳಿಂದಲ್ಲ, ಹುಟ್ಟುವ ಮರಿಗಳಿಂದ.

"ಪ್ಲಾಸ್ಟಿಕ್ಕಿನಿಂದ ಎಷ್ಟು ಉಪಕಾರವಾಗಿದೆ! ರಕ್ತದ ಚೀಲ ಎಷ್ಟು ಪ್ರಾಣಗಳನ್ನು ಉಳಿಸಿದೆ! ಹುಳುವಿಗಾಗಿ ಅದನ್ನೆಲ್ಲ ಬಿಡುವುದೆ?" ಎಂದು ಯಾರಾದರೂ ಕೇಳಬಹುದು. ಮಾತು ನ್ಯಾಯವಾದುದೇ. ರಕ್ತದ ಚೀಲವನ್ನು ಯಾರೂ ಬಿಡಬೇಕಾಗಿಲ್ಲ. ಆದರೆ ರಕ್ತದ ಚೀಲದ ಪುಣ್ಯವನ್ನು ಮುಂದೊಡ್ಡಿ, ಮೂರು ದಿನದ ಜಾತ್ರೆಗೆ ಕಟ್ಟಿದ ಫ್ಲೆಕ್ಸನ್ನು ಸಮರ್ಥಿಸಬಹುದೆ? ನಮ್ಮ ರಾಜ್ಯದಲ್ಲಿ 2016ರಲ್ಲಿ ಪ್ಲಾಸ್ಟಿಕ್ ಚೀಲಗಳೊಡನೆ ಫ್ಲೆಕ್ಸುಗಳನ್ನೂ ನಿಷೇಧಿಸಲಾಯಿತು. 2022ರ ಜುಲೈ 1ರಿಂದ ನೂರು ಮೈಕ್ರಾನಿಗಿಂತ ತೆಳುವಾದ ಪಿ.ವಿ.ಸಿ. ಬ್ಯಾನರುಗಳು ದೇಶದಲ್ಲೆಲ್ಲ ನಿಷಿದ್ಧವಾದುವು. ಆದರೂ ಕಾನೂನು ಪುಸ್ತಕದಲ್ಲಿದೆ, ಫ್ಲೆಕ್ಸು ಕಂಬದ ಮೇಲಿದೆ. ಅಗತ್ಯ ಬೇರೆ, ಆಡಂಬರ ಬೇರೆ ಎಂಬ ವಿವೇಕ ನಮ್ಮಲ್ಲಿ ಮೂಡದೆ ಕಾನೂನು ಒಂದೇ ಏನು ಮಾಡೀತು?

ಇನ್ನೊಂದು ಮಾತು. ಮಕ್ಕಳು ಬಾಯಿಗಿಟ್ಟುಕೊಳ್ಳುವರೆಂದು ಯೂರೋಪಿನ ಒಕ್ಕೂಟವು 2005ರಲ್ಲಿ ಆಟಿಕೆಗಳಲ್ಲಿ ಕೆಲವು ಥ್ಯಾಲೇಟುಗಳನ್ನು ಶೇಕಡಾ 0.1ಕ್ಕೆ ಮಿತಗೊಳಿಸಿತು. ಭಾರತದಲ್ಲಿಯೂ 2021ರ ಜನವರಿಯಿಂದ ಆಟಿಕೆಗಳಿಗೆ ಕಡ್ಡಾಯವಾದ ಮಾನಕಗಳಲ್ಲಿ ಥ್ಯಾಲೇಟಿನ ಪರೀಕ್ಷೆಯೂ ಸೇರಿತು. ಇದು ಸಂತೋಷದ ಸಂಗತಿ. ಆದರೆ ಇಲ್ಲಿ ಅಳತೆಗೋಲು ಮನುಷ್ಯನ ಬಾಯಿ ಮಾತ್ರ. ಪ್ರತಿಯೊಂದು ವಸ್ತುವಿಗೂ ಕೊಳ್ಳುವ ದಿನವಿರುವಂತೆ ಎಸೆಯುವ ದಿನವೂ ಇದೆ. ಎಸೆದ ಮೇಲೆ ಅದರಿಂದ ಒಸರುವುದೇನು, ಅದನ್ನು ಕುಡಿಯುವವರು ಯಾರು ಎಂಬುದನ್ನು ತಯಾರಕನು ಮಾರುವ ಮೊದಲೇ ತೋರಿಸಿಕೊಡಬೇಕು. ಸೋಯಾ ಎಣ್ಣೆಯಿಂದಲೂ ಸಿಟ್ರಿಕ್ ಆಮ್ಲದಿಂದಲೂ ಪಡೆದ ಬೇರೆ ಮೃದುಕಾರಕಗಳು ಈಗ ಬಳಕೆಯಲ್ಲಿವೆ. ಅವೂ ಡಾಫ್ನಿಯದ ಮುಂದೆ ಪರೀಕ್ಷೆಗೆ ಕುಳಿತು ತೇರ್ಗಡೆಯಾಗಲಿ.

ಇದರಲ್ಲಿ ಆಶೆಗೂ ಎಡೆಯಿದೆ. ಥ್ಯಾಲೇಟುಗಳು ಚಿರಂಜೀವಿಗಳಲ್ಲ. ಗಾಳಿಯಾಡುವ ನೀರಿನಲ್ಲಿ ಸೂಕ್ಷ್ಮಾಣುಗಳು ಅವನ್ನು ಕೆಲವು ದಿನ ಅಥವಾ ವಾರಗಳಲ್ಲಿ ಒಡೆಯಬಲ್ಲುವು. ಗಾಳಿಯಿಲ್ಲದ ಕೆಸರಿನಲ್ಲಿ ಮಾತ್ರ ಇದು ಬಹು ನಿಧಾನ. ಕೆರೆ ತನ್ನ ವಿಷವನ್ನು ತಾನೇ ಕಳೆದುಕೊಳ್ಳಲು ಹೆಣಗುತ್ತಿದೆ. ನಾವು ದಿನದಿನವೂ ಹೊಸದನ್ನು ಸುರಿಯುತ್ತಿದ್ದೇವೆ. ಸುರಿಯುವ ಕೈ ತಡೆದರೆ ಸಾಕು, ತೊಳೆಯುವ ಕೆಲಸವನ್ನು ಬಹುಮಟ್ಟಿಗೆ ನೀರೇ ಮಾಡಿಕೊಳ್ಳುತ್ತದೆ.

ಹನಿಗೂಡಿ ಹಳ್ಳವಾಗುವುದೆಂಬ ಗಾದೆ ಒಳಿತಿಗೆ ಹೇಗೋ ವಿಷಕ್ಕೂ ಹಾಗೆಯೇ ಸಲ್ಲುತ್ತದೆ. ನಮ್ಮ ಹಿರಿಯರು ಕೆರೆ ಕಟ್ಟಿಸುವುದನ್ನು ಮಹಾಪುಣ್ಯವೆಂದರು. ಇಂದು ಹೊಸ ಕೆರೆ ಕಟ್ಟಿಸುವ ಶಕ್ತಿ ಎಲ್ಲರಿಗೂ ಇಲ್ಲದಿರಬಹುದು; ಇರುವ ಕೆರೆಗೆ ವಿಷ ಹರಿಯದಂತೆ ನೋಡಿಕೊಳ್ಳುವ ಶಕ್ತಿ ವಿದ್ಯಾರ್ಥಿಗಳಾದ ನಿಮಗೂ ಉಂಟು. ರಾಗಿ ಕಾಳಿನಷ್ಟಿರುವ ಜೀವಿಗೆ ಬಾಳಲು ಯೋಗ್ಯವಾದ ನೀರೇ ಮನುಷ್ಯನಿಗೂ ಯೋಗ್ಯವಾದ ನೀರು.